ಕೆಂಪು ಬಟ್ಟೆಯ ಮಡಕೆ

ಪಾಟ್‌ಖಾಲಿ ಠಾಣೆ. 24 ಜನವರಿ 2013, ಗುರುವಾರ, ಬೆಳಿಗ್ಗೆ 10 ಗಂಟೆ 5 ನಿಮಿಷ.

ನನ್ನ ಹೆಸರು ರಾಹೆಲಾ ಬೇವಾ, ಗಂಡ ದಿವಂಗತ ಖೊಯಬರ್ ಮೊಲ್ಲಾ, ವಯಸ್ಸು 53 ವರ್ಷ, ಕಸುಬು ಈಚಲ ಬೆಲ್ಲ ಕಾಯಿಸುವುದು, ವಾಸ ಚರ್ ಕಾಶಿಮಾರಿ ಗ್ರಾಮ, ಮಸೀದಿಯ ಹಿಂದಿನ ತಗಡಿನ ಮನೆ. ಯಾರ ಒತ್ತಾಯವೂ ಇಲ್ಲದೆ ದಾರೋಗಾ ಸಾಹೇಬರ ಮುಂದೆ ನಿಂತು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಅಳಿಯ ಸೊಹ್ರಾಬನಿಗೆ ಇದ್ರಿಸ್ ಗಾಛಿ ವಿಷ ಹಾಕಿಲ್ಲ. ಇದ್ರಿಸ್ ಈಗ ಇದೇ ಠಾಣೆಯ ಲಾಕಪ್ಪಿನಲ್ಲಿ ಇದ್ದಾನೆ. ಬರೆದುಕೊಳ್ಳುವ ಮೊದಲು ಅವನನ್ನು ಆಸ್ಪತ್ರೆಗೆ ಕಳಿಸಿ ಎಂದು ಬೇಡಿಕೊಂಡೆ. ವ್ಯಾನು ದೋಣಿ ಘಾಟಿನ ಆಚೆ ಇದೆ, ಬರಲು ಅರ್ಧ ಗಂಟೆ ಬೇಕು, ಅಷ್ಟರೊಳಗೆ ಹೇಳಿ ಮುಗಿಸು ಎಂದು ಸಾಹೇಬರು ಹೇಳಿದ್ದರಿಂದ ಬೇಗ ಬೇಗ ಹೇಳುತ್ತಿದ್ದೇನೆ.

ನನ್ನ ಗಂಡ ಬಿಟ್ಟುಹೋದ ಹನ್ನೊಂದು ಈಚಲು ಮರಗಳಿವೆ. ಅವನ್ನು ಹತ್ತಿ, ಕೆತ್ತಿ, ರಸ ಇಳಿಸುವ ಗಾಛಿ ಇದ್ರಿಸ್. ವಯಸ್ಸು ಸುಮಾರು 29. ಅವನ ಮನೆ ನಮ್ಮ ಅಂಗಳದಿಂದ ಅರವತ್ತು ಹೆಜ್ಜೆ. ಒಂಬತ್ತು ಮರದ ರಸ ಬೆಲ್ಲಕ್ಕೆ ಹೋಗುತ್ತದೆ. ಅಂಗಳದ ಎರಡು ಮರದ್ದು ಮಾತ್ರ ಹಸಿಯಾಗಿ ಕುಡಿಯಲು. ರಾತ್ರಿ ಬಾವಲಿ ಬಂದು ನೆಕ್ಕಬಾರದೆಂದು ಆ ಎರಡು ಮರಕ್ಕೆ ಇದ್ರಿಸ್ ಬಿದಿರಿನ ತಟ್ಟಿ ಕಟ್ಟುತ್ತಾನೆ, ಮಡಕೆಯ ಕತ್ತಿಗೆ ಗುರುತಿಗೆ ಕೆಂಪು ಬಟ್ಟೆ ಸುತ್ತುತ್ತಾನೆ. ಬೆಲ್ಲದ ಮಡಕೆಗೆ ತಟ್ಟಿಯೂ ಇಲ್ಲ, ಬಟ್ಟೆಯೂ ಇಲ್ಲ. ಅದು ಹೇಗೂ ಒಲೆಯ ಮೇಲೆ ಮೂರು ಗಂಟೆ ಕುದಿಯುತ್ತದೆ.

ಇದ್ರಿಸನ ಅಣ್ಣ ರೊಸ್ತಮ್ ಮೂರು ವರ್ಷದ ಹಿಂದೆ ಬಾವಲಿ ಮುಟ್ಟಿದ ರಸ ಕುಡಿದು ನಿಪಾ ಕಾಯಿಲೆಯಲ್ಲಿ ಒಂಬತ್ತನೇ ದಿನಕ್ಕೆ ಸತ್ತ. ಆಮೇಲೆ ಇದ್ರಿಸ್ ತಟ್ಟಿ ಕಟ್ಟದ ಮರದ ಒಂದು ಹನಿಯನ್ನೂ ಯಾರಿಗೂ ಹಸಿಯಾಗಿ ಕೊಟ್ಟವನಲ್ಲ. ಊರಿನವರು ಅವನನ್ನು ಆಡಿಕೊಂಡರು. ಎಲ್ಲರಿಗಿಂತ ಹೆಚ್ಚು ಆಡಿಕೊಂಡವಳು ನಾನು. ಮರಕ್ಕೆ ತಟ್ಟಿ ಆಯ್ತು, ಇನ್ನು ಸೀರೆ ಉಡ್ಸಿ ಬಳೆ ತೊಡ್ಸೋದೊಂದು ಬಾಕಿ ಕಣೋ ಎಂದು ನಗುತ್ತಿದ್ದೆ. ನನ್ನ ಬಾಯಿ ಈ ಸಾಹೇಬರಿಗೂ ಗೊತ್ತು.

ಎರಡು ವರ್ಷದ ಹಿಂದೆ ಇದ್ರಿಸನ ತಾಯಿ ನನ್ನ ಮಗಳು ಶೆಫಾಲಿಯನ್ನು ಕೇಳಿಕೊಂಡು ಬಂದಿದ್ದಳು. ಅರ್ಧ ಆಯುಷ್ಯ ಮರದ ಮೇಲೆ ಕಳೆಯುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಕಳಿಸಿಬಿಟ್ಟೆ. ಕಳೆದ ಸೆಪ್ಟೆಂಬರಿನಲ್ಲಿ ಒಂದೂವರೆ ಕಿಲೋಮೀಟರ್ ದೂರದ ಬಜಾರಿನಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಸೊಹ್ರಾಬನಿಗೆ ಕೊಟ್ಟು ನಿಕಾಹ್ ಮಾಡಿದೆ. ಇದು ಊರಿಗೆಲ್ಲ ಗೊತ್ತಿರುವ ವಿಷಯ. ಇದ್ರಿಸನ ಮೇಲೆ ಅನುಮಾನ ಬರಲು ಇದೇ ಕಾರಣವಾಯಿತು.

ಇದೇ ತಿಂಗಳ 10ನೇ ತಾರೀಖು ಗುರುವಾರ ಸಂಜೆ ಅಳಿಯ ಮತ್ತು ಮಗಳು ಮದುವೆಯಾದ ಮೇಲೆ ಮೊದಲ ಚಳಿಗಾಲದ ರಸ ಕುಡಿಯಲು ನಮ್ಮ ಮನೆಗೆ ಬಂದರು. ಮರುದಿನ, 11ನೇ ತಾರೀಖು ಶುಕ್ರವಾರ, ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ಇದ್ರಿಸ್ ಮಡಕೆ ಇಳಿಸಿದ. ದಟ್ಟ ಮಂಜಿತ್ತು. ಕೆಂಪು ಬಟ್ಟೆಯ ಎರಡೂ ಮಡಕೆ ಸೇರಿ ಒಂದು ಲೋಟಕ್ಕಿಂತ ಸ್ವಲ್ಪ ಹೆಚ್ಚು ರಸ ಇತ್ತು. ಮೋಡ ಕವಿದೈತೆ ಚಾಚಿ, ಇಷ್ಟೇ ಇಳ್ದಿದ್ದು, ನಾಳೆ ಕುಡಿಸು ಎಂದು ಹೇಳಿ ಅವನು ಬೆಲ್ಲದ ಮಡಕೆಗಳನ್ನು ತರಲು ಹೊಲದ ಕಡೆ ಹೋದ. ಆಗಲೇ ತಂದಿಟ್ಟಿದ್ದ ಒಂದು ಬೆಲ್ಲದ ಮಡಕೆ ಒಲೆಯ ಪಕ್ಕ ಇತ್ತು.

ಅಳಿಯ ಚಾಪೆಯ ಮೇಲೆ ಶಾಲು ಹೊದ್ದು ಕೂತಿದ್ದ. ಏನಮ್ಮಾ, ರಸ ಕುಡಿಸ್ತೀನಿ ಅಂತ ಕರೆಸಿ ಮಂಜು ಕುಡಿಸ್ತಿದ್ದೀಯಲ್ಲ ಎಂದು ತಮಾಷೆ ಮಾಡಿದ. ಹೊಸ ಅಳಿಯನ ಲೋಟ ಒಂದಕ್ಕೇ ನಿಂತರೆ ಅವನ ಮನೆಯವರು ವರ್ಷವಿಡೀ ಆಡುತ್ತಾರೆ. ಎರಡನೇ ಲೋಟ ಬೇಡ ಬೇಡ ಎನ್ನುವಾಗ ಸುರಿಯಬೇಕು, ನಮ್ಮಲ್ಲಿ ಹಾಗೆ. ನಾನು ಬೆಲ್ಲದ ಮಡಕೆಯಿಂದ ಎರಡು ಲೋಟದಷ್ಟು ಕೆಂಪು ಬಟ್ಟೆಯ ಮಡಕೆಗೆ ಬಗ್ಗಿಸಿದೆ. ಬಿಸ್ಮಿಲ್ಲಾ ಹೇಳಿ, ಹಳೆಯ ಸೀರೆಯ ತುಂಡನ್ನು ಮೂರು ಪದರ ಮಾಡಿ ಸೋಸಿದೆ. ಬಟ್ಟೆಯ ಮೇಲೆ ಒಂದು ಸಣ್ಣ ಕಪ್ಪು ಕೂದಲು ಉಳಿಯಿತು. ಮನುಷ್ಯರದ್ದಲ್ಲ, ಅಷ್ಟು ಮೋಟು. ಬೆರಳಿನಿಂದ ಚಿಮ್ಮಿ ಎಸೆದೆ. ಇದನ್ನು ಮಗಳೂ ನೋಡಿಲ್ಲ. ಅವಳು ಒಳಗೆ ಮಂಡಕ್ಕಿ ಹುರಿಯುತ್ತಿದ್ದಳು.

ಅಳಿಯ ಎರಡು ಲೋಟ ಕುಡಿದ. ಮಗಳಿಗೆ ಗಂಟಲು ಕೆಟ್ಟಿದ್ದರಿಂದ ಕುಡಿಯಲಿಲ್ಲ. ನನಗೆ ಸಕ್ಕರೆ ಕಾಯಿಲೆ, ನಾನೂ ಕುಡಿಯಲಿಲ್ಲ. 6 ಗಂಟೆ 40 ನಿಮಿಷಕ್ಕೆ ಇದ್ರಿಸ್ ಹೊಲದಿಂದ ವಾಪಸು ಬಂದ. ಮಡಕೆಯಲ್ಲಿ ಇನ್ನೊಂದು ಲೋಟ ಉಳಿದಿತ್ತು. ಅಳಿಯನ ಮುಂದೆ ಅವನು ಮುಖ ತಗ್ಗಿಸಿ ನಿಂತದ್ದು ನೋಡಿ ನನಗೆ ಕೆಣಕುವ ಬುದ್ಧಿ ಬಂತು. ಹಳೇದೆಲ್ಲ ಇದ್ರ ಜೊತೆ ನುಂಗ್ಬಿಡು ಮಗಾ, ಕುಡೀಲಿಲ್ಲ ಅಂದ್ರೆ ಇನ್ನೂ ಹೊಟ್ಟೆಕಿಚ್ಚು ಐತೆ ಅಂದ್ಕೋತೀನಿ ಎಂದು ಲೋಟ ಕೈಗೆ ಕೊಟ್ಟೆ. ಅವನು ಲೋಟ ನೋಡಲಿಲ್ಲ, ಮಡಕೆಯ ಕತ್ತು ನೋಡಿದ. ಕೆಂಪು ಬಟ್ಟೆ ಕಂಡ ಮೇಲೆ ಒಂದೇ ಗುಟುಕಿಗೆ ಕುಡಿದ. ಅಳಿಯ ಅವನ ಬೆನ್ನು ತಟ್ಟಿದ.

ಆರು ದಿನ ಏನೂ ಆಗಲಿಲ್ಲ. 17ನೇ ತಾರೀಖು ಗುರುವಾರ ಅಳಿಯನಿಗೆ ಜ್ವರ, ತಲೆನೋವು ಎಂದು ಮಗಳು ಫೋನು ಮಾಡಿದಳು. 18ರಂದು ನಾನು ಅವರ ಮನೆಗೆ ಹೋದೆ. ಅಳಿಯನಿಗೆ ಬೆಳಕು ಕಂಡರೆ ಆಗುತ್ತಿರಲಿಲ್ಲ, ಕಿಟಕಿಗೆ ಗೋಣಿ ಕಟ್ಟಿದ್ದರು. ಮಗಳು ಅವನ ಬಾಯಿಯ ನೊರೆಯನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು, ಅವನು ಉಳಿಸಿದ ಗಂಜಿಯನ್ನೇ ತಾನೂ ಉಣ್ಣುತ್ತಿದ್ದಳು. 19ರಂದು ಮಧ್ಯಾಹ್ನ 1 ಗಂಟೆಗೆ ಅವನು ಅವಳನ್ನು ಯಾರು ನೀನು ಎಂದು ಕೇಳಿದ. 1 ಗಂಟೆ 20 ನಿಮಿಷಕ್ಕೆ ಮೈ ಸೆಟೆದುಕೊಂಡಿತು. ಅವನ ಅಣ್ಣ ಆಫ್ಸರ್ ಅಲಿ ಗಾಡಿ ಮಾಡಿಸಿ 38 ಕಿಲೋಮೀಟರ್ ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ದಾರಿಯುದ್ದಕ್ಕೂ ನಾನು ಆ ಕಪ್ಪು ಕೂದಲನ್ನೇ ನೆನೆಯುತ್ತಿದ್ದೆ.

ಆಸ್ಪತ್ರೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿದ ಡಾಕ್ಟರಮ್ಮ ಹಸಿ ಈಚಲ ರಸ ಕುಡಿದಿದ್ದನೇ ಎಂದು ನನ್ನನ್ನು ಕೇಳಿದರು. ಆಫ್ಸರ್ ಅಲಿ ನನ್ನ ಎಡಗಡೆ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು, ಮಗಳು ಒಳಗೆ ಅವನ ಹಾಸಿಗೆಯ ಪಕ್ಕ ಇದ್ದಳು. ಇಲ್ಲಮ್ಮ, ನಮ್ಮನೇಲಿ ಕಾಯಿಸ್ದೆ ಯಾರೂ ಕುಡಿಯಲ್ಲ ಎಂದು ಹೇಳಿದೆ. ಮತ್ತೆ ಕೇಳಿದರು, ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲ ಕೇಳಿದಾಗ ಅತ್ತುಬಿಟ್ಟೆ. ನಿಜ ಹೇಳಿದರೆ ಗಂಡನನ್ನು ಕೊಂದವಳ ಮಗಳು ಎಂದು ಶೆಫಾಲಿಯನ್ನು ಅಲ್ಲಿಂದಲೇ ಓಡಿಸುತ್ತಾರೆ ಎಂಬ ಭಯ. ಡಾಕ್ಟರಮ್ಮ ಅನುಮಾನದಿಂದಲೇ ಅವನ ರಕ್ತ ತೆಗೆದು ಢಾಕಾಕ್ಕೆ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. 20ನೇ ತಾರೀಖು ಭಾನುವಾರ ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಸೊಹ್ರಾಬ್ ತೀರಿಕೊಂಡ. ಅವನಿಗೆ 26 ವರ್ಷ.

21ರಂದು ಮಣ್ಣು ಮಾಡಿ ಬಂದ ಮೇಲೆ, ಅವನು ನಮ್ಮಲ್ಲಿ ರಸ ಕುಡಿದದ್ದು ಮಗಳ ಬಾಯಿಂದ ತಿಳಿದು, ಆಫ್ಸರ್ ಅಲಿ ಮತ್ತು ಏಳೆಂಟು ಜನ ನಮ್ಮ ಅಂಗಳಕ್ಕೆ ಬಂದರು. ಗಾಛಿಯೇ ಹಳೆಯ ಸೇಡಿಗೆ ರಸದಲ್ಲಿ ಇಲಿ ಪಾಷಾಣ ಹಾಕಿದ್ದಾನೆ ಎಂದು ಕೂಗಿದರು. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಇದನ್ನು ಹಾಗೆಯೇ ಬರೆದುಕೊಳ್ಳಿ. ಸಂಜೆ 4 ಗಂಟೆಗೆ ಇದ್ರಿಸನನ್ನು ಎಳೆದು ತಂದು ಅವನೇ ತಟ್ಟಿ ಕಟ್ಟಿದ್ದ ಮರಕ್ಕೆ ಕಟ್ಟಿ ಬಿದಿರಿನಿಂದ ಹೊಡೆದರು. ಅದೇ ಮಡಕೇದು ನಾನೂ ಕುಡ್ದಿದ್ದೀನಿ, ಚಾಚಿ, ನೀನಾದ್ರೂ ಹೇಳು ಎಂದು ಅವನು ಕೂಗಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವನಿಗೂ ನನಗೂ ನಡುವೆ ಹನ್ನೆರಡು ಮೊಳ ಇರಬಹುದು. ನಾನು ಹೊರಗೆ ಬರಲಿಲ್ಲ. 5 ಗಂಟೆ 15 ನಿಮಿಷಕ್ಕೆ ಪೊಲೀಸರು ಬಂದು ಬಿಡಿಸಿ ಕರೆದೊಯ್ದರು.

ಮಗಳು ಈಗ ನನ್ನ ಮನೆಯಲ್ಲಿದ್ದಾಳೆ. ದಿನವೂ ಬೆಳಿಗ್ಗೆ ಅವಳು ಏಳುವ ಮೊದಲು ಹಣೆ ಮುಟ್ಟಿ ನೋಡುತ್ತೇನೆ. ಇವತ್ತಿನವರೆಗೆ ತಣ್ಣಗಿದೆ. ಮುಟ್ಟುವ ಮೊದಲು ಒಲೆಯ ಬೂದಿಗೆ ಕೈ ಒತ್ತಿ ಬೆಚ್ಚಗೆ ಮಾಡಿಕೊಂಡು ಹೋಗುತ್ತೇನೆ.

ಇವತ್ತು ಬೆಳಿಗ್ಗೆ 9 ಗಂಟೆಗೆ ಇದ್ರಿಸನಿಗೆ ನಾಲ್ಕು ಪಿಠಾ, ಅಂದರೆ ಅಕ್ಕಿ ಹಿಟ್ಟಿನ ಕಡುಬು, ಕಟ್ಟಿಕೊಂಡು ಠಾಣೆಗೆ ಬಂದೆ. ಮಾಡಿದ ಪಾಪಕ್ಕೆ ಪಿಠಾ ಹೊತ್ತು ಬಂದೆ ಎಂದರೂ ಸರಿ. ಲಾಕಪ್ಪಿನಲ್ಲಿ ಒಟ್ಟು ಆರು ಜನ ಇದ್ದರು. ಐವರು ಒಂದು ಕಡೆ, ಇದ್ರಿಸ್ ಒಬ್ಬನೇ ಕಕ್ಕಸಿನ ಕಡೆಯ ಮೂಲೆಯಲ್ಲಿ, ಬಾಯಿ ಮೂಗಿಗೆ ಟವಲು ಬಿಗಿದುಕೊಂಡು, ಗೋಡೆಗೆ ಮುಖ ಮಾಡಿ ಕೂತಿದ್ದ. ನಿನ್ನೆಯಿಂದ ಹಿಂಗೇ, ಯಾರನ್ನೂ ಹತ್ರ ಬಿಡಲ್ಲ, ನೀರೂ ಬೇರೆ ಡಬ್ಬದಲ್ಲಿ ಕುಡೀತಾನೆ, ದೊಡ್ಡ ನವಾಬ ಎಂದು ಕಾವಲಿನ ಪೊಲೀಸಿನವರು ನಕ್ಕರು. ನನಗೆ ನಗು ಬರಲಿಲ್ಲ. ಕಂಬಿಯ ಹತ್ತಿರ ಕರೆದೆ. ಅವನು ಎದ್ದು ಬಂದ, ಆದರೆ ಎರಡು ಮೊಳ ದೂರದಲ್ಲೇ ನಿಂತ. ಕಣ್ಣು ಅರ್ಧ ಮುಚ್ಚಿಕೊಂಡಿದ್ದ.

ತಲೆ ಸಿಡೀತೈತೆ ಚಾಚಿ, ಮೈ ಕಾದೈತೆ, ರೊಸ್ತಮಣ್ಣಂಗೆ ಬಂದಿತ್ತಲ್ಲ, ಹಂಗೇ ಐತೆ ಎಂದ. ಇವ್ರಿಗೆಲ್ಲ ತಗುಲಬಾರ್ದು ಅಂತ ದೂರ ಕೂತಿದ್ದೀನಿ ಎಂದ. ನಾನು ಪಿಠಾದ ಗಂಟು ಬಿಚ್ಚಿದೆ. ಆದ್ರೆ ಅದು ಇರಕ್ಕಿಲ್ಲ ಅಲ್ವಾ ಚಾಚಿ, ನಾನು ಕುಡ್ದಿದ್ದು ಕೆಂಪು ಬಟ್ಟೆ ಮಡಕೇದೇ ಅಲ್ವಾ, ಬೇರೇದು ಏನೂ ಸೇರಿಸಿರ್ಲಿಲ್ಲ ಅಲ್ವಾ ಎಂದು ಕೇಳಿದ. ಅವನು ಸಣ್ಣವನಿದ್ದಾಗ ನನ್ನ ಒಲೆಯ ಮುಂದೆ ಕೂತು ಬೆಲ್ಲದ ಪಾಕ ಆಯ್ತಾ ಎಂದು ಕೇಳುತ್ತಿದ್ದ, ಅದೇ ದನಿ.

ಹೌದು ಮಗಾ, ಬರೀ ಅದೇ ಎಂದು ಹೇಳಿದೆ.

ಅವನು ಉಸಿರು ಬಿಟ್ಟ. ಹಂಗಾದ್ರೆ ಏಟು ಬಿದ್ದಿದ್ದರ ಜ್ವರ ಬಿಡು ಎಂದ. ಬಾಯಿಗೆ ಕಟ್ಟಿದ್ದ ಟವಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಪಿಠಾ ಇಸಕೊಂಡು ಆ ಐವರ ನಡುವೆ ಹೋಗಿ ಕೂತ. ಒಂದು ಕಚ್ಚಿ, ಕಚ್ಚಿದ್ದರಲ್ಲೇ ಅರ್ಧ ಮುರಿದು, ಪಕ್ಕದಲ್ಲಿದ್ದ ಮೀನು ಹಿಡಿಯುವ ಮುದುಕನಿಗೆ ಕೊಟ್ಟ.

ನಾನು 9 ಗಂಟೆ 20 ನಿಮಿಷಕ್ಕೆ ಠಾಣೆಯಿಂದ ಹೊರಟೆ. ಘಾಟಿನವರೆಗೆ ಮುನ್ನೂರು ಹೆಜ್ಜೆ. ದೋಣಿ ನಿಂತಿತ್ತು, ಒಂದು ಕಾಲು ಒಳಗಿಟ್ಟೆ. ಹತ್ತೋದಾದ್ರೆ ಹತ್ತು ಅಜ್ಜಿ, ದೋಣಿ ಅಲುಗಾಡ್ತೈತೆ ಎಂದು ದೋಣಿಯವನು ರೇಗಿದ. ಕಾಲು ಹೊರಗೆ ತೆಗೆದು ವಾಪಸು ಬಂದೆ. ಬಂದವಳು ಮೊದಲು ಆ ಮುದುಕನ ಹೆಸರು ಕೇಳಿದೆ. ಕೊಮೊರುದ್ದೀನ್ ಎಂದು ಹೇಳಿದರು. ಅವರನ್ನೂ ಉಳಿದ ನಾಲ್ವರನ್ನೂ ಡಾಕ್ಟರಮ್ಮನಿಗೆ ತೋರಿಸಬೇಕು. ನನ್ನ ಮಗಳು ಶೆಫಾಲಿಯನ್ನೂ ತೋರಿಸಬೇಕು. ಆಫ್ಸರ್ ಅಲಿಗೆ ಈ ಹೇಳಿಕೆ ಓದಿ ಹೇಳಬಹುದು.

ಬರೆದದ್ದನ್ನು ಸಾಹೇಬರು ನನಗೆ ಓದಿ ಹೇಳಿದರು, ಕೇಳಿ ಸರಿಯಿದೆ ಎಂದು ಒಪ್ಪಿದ್ದೇನೆ. ಇದರಲ್ಲಿ ನಾನು ಹೇಳಿದ್ದೆಲ್ಲ ನಿಜ. ಈ ಬೆಳಿಗ್ಗೆ ಇದ್ರಿಸನಿಗೆ ಹೇಳಿದ್ದು ಸುಳ್ಳು. ವ್ಯಾನು ಬಂದ ಸದ್ದು ಕೇಳುತ್ತಿದೆ. ಅವನನ್ನು ಹತ್ತಿಸುವ ಮೊದಲು ಕಂಬಿಯ ಹತ್ತಿರ ಹೋಗಲು ನನಗೆ ಎರಡು ನಿಮಿಷ ಬಿಡಬೇಕು. ಟವಲು ಮತ್ತೆ ಕಟ್ಟಿಕೋ ಎಂದು ನಾನೇ ಹೇಳಬೇಕು.

ಸ್ಥಳ: ಪಾಟ್‌ಖಾಲಿ ಠಾಣೆ
ದಿನಾಂಕ: 24-01-2013, ಬೆಳಿಗ್ಗೆ 10 ಗಂಟೆ 40 ನಿಮಿಷ
ರಾಹೆಲಾ ಬೇವಾ, ಎಡಗೈ ಹೆಬ್ಬೆಟ್ಟಿನ ಗುರುತು