ಖಾಲಿ ಉಳಿದ ಎಡಮೂಲೆ

ಮಾನ್ಯ ಅಧ್ಯಕ್ಷರಾದ ಉತ್ತಯ್ಯನವರೇ, ಮುಖ್ಯ ಅತಿಥಿಗಳೇ, ಊಟದ ಪರಿಮಳ ಬಂದರೂ ಕುರ್ಚಿ ಬಿಡದೆ ಕೂತಿರುವ ಸಭಿಕರೇ,

ಷಟಲ್ ಡಬಲ್ಸಿನಲ್ಲಿ ಎರಡನೇ ಬಹುಮಾನ ಬಂದವಳಿಗೆ ಎರಡೇ ಮಾತು ಎಂದಿದ್ದಾರೆ. ಮೊದಲ ಬಹುಮಾನ ಬಂದಿದ್ದರೆ ಒಂದೇ ಮಾತೋ ಏನೋ.

ಅಧ್ಯಕ್ಷರು ಈಗಷ್ಟೇ, "ತಂಗಮ್ಮ, ಬರೋ ವರ್ಷ ಜೋಡಿ ಬದಲಾಯಿಸಿ ನೋಡಮ್ಮ" ಎಂದರು. ಮೂರನೇ ಸಾಲಿನಲ್ಲಿ ಕೂತಿರುವ ನನ್ನ ಜೋಡಿ, ಅಂದರೆ ಯಜಮಾನರಾದ ಬೋಜಪ್ಪನವರು, ಚಪ್ಪಾಳೆ ತಟ್ಟಿದರು. ಮದುವೆಯ ದಿನವೂ ಅವರ ಮುಖ ಅಷ್ಟು ಅರಳಿರಲಿಲ್ಲ.

ನಾವು ಸೋತದ್ದು ಯಾಕೆ? ಕುಶಾಲನಗರದ ಕೀರ್ತಿಕುಮಾರ್, ಮೋನಿಷಾ ಜೋಡಿ ಬಂದ ಷಟಲನ್ನೆಲ್ಲ ನಮ್ಮ ಹಿಂದಿನ ಎಡಮೂಲೆಗೇ ಹಾಕಿತು. ಅಲ್ಲಿ ಯಾರೂ ಇರಲಿಲ್ಲ. ಯಾಕಿರಲಿಲ್ಲ? ನಾವು ಅಭ್ಯಾಸ ಮಾಡುವುದು ಮನೆಯ ಕಾಫಿ ಕಣದಲ್ಲಿ. ಆ ಮೂಲೆಯಲ್ಲಿ ಕಾಫಿ ಒಣಗುತ್ತಿರುತ್ತದೆ. ಜಗಲಿಯಲ್ಲಿ ಅತ್ತೆ ಕೂತಿರುತ್ತಾರೆ. "ಏ ಬೋಜ, ಕಾಫಿ ತುಳಿದ್ರೆ ಬ್ಯಾಟು ಒಲೆಗೆ ಹಾಕ್ತೀನಿ ನೋಡು." ಹೀಗೆ ಪಳಗಿದ ಕಾಲುಗಳು ಫೈನಲಿನಲ್ಲೂ ಇಲ್ಲದ ಕಾಫಿಯನ್ನು ಕಾಪಾಡಿದವು. ಒಂದು ಕಾಳೂ ಹಾಳಾಗಲಿಲ್ಲ, ಕಪ್ ಮಾತ್ರ ಹೋಯಿತು.

ನಿನ್ನೆ ಫೈನಲ್ ಮುಗಿಸಿ ಮನೆಗೆ ಹೋಗುವಾಗ ಜೀಪಿನಲ್ಲಿ ಇವರು, "ನೀನು ಬೇರೆ ಯಾರನ್ನಾದ್ರೂ ನೋಡ್ಕೋ, ನನ್ನಿಂದ್ಲೇ ಸೋತದ್ದು" ಎಂದರು. ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾಡುತ್ತಿದ್ದೆ. ಅವರು ಮೆಲ್ಲಗೆ ಹೇಳಿದರು, ಅದೇ ನನ್ನ ಮನಸ್ಸು ಕೆಡಿಸಿತು. ತೋಟ, ಮನೆ, ನೆಂಟರು ಎಂದು ನಾವು ದಿನವಿಡೀ ಒಬ್ಬೊಬ್ಬರು ಒಂದೊಂದು ದಿಕ್ಕು. ಕಣದಲ್ಲಿ ಮಾತ್ರ ಅವರು ಮುಂದೆ ಹೋದರೆ ನಾನು ಹಿಂದೆ, ನಾನು ಬಲಕ್ಕೆ ಸರಿದರೆ ಅವರು ಎಡಕ್ಕೆ. ನೋಡದೆಯೂ ಪಕ್ಕದಲ್ಲಿದ್ದಾರೆ ಎಂದು ಗೊತ್ತಾಗುವ ಜಾಗ ನನಗೆ ಬೇರೆ ಇಲ್ಲ... ಇರಲಿ, ವಿಷಯಕ್ಕೆ ಬರುತ್ತೇನೆ.

ಡಬಲ್ಸಿನಲ್ಲಿ ಖಾಲಿ ಬಿಟ್ಟ ಮೂಲೆ ಒಬ್ಬರದಲ್ಲ ಸ್ವಾಮಿ. ಅದಕ್ಕೇ ಜೋಡಿಯನ್ನಲ್ಲ, ಕಾಫಿಯ ಜಾಗವನ್ನು ಬದಲಾಯಿಸುತ್ತೇನೆ. ಈ ಸಲ ಅದು ಜೀಪ್ ಶೆಡ್ಡಿನ ಮುಂದೆ ಒಣಗಲಿದೆ. ಬೆಳಿಗ್ಗೆ ಅತ್ತೆಯ ಒಪ್ಪಿಗೆಯೂ ಸಿಕ್ಕಿತು: "ಆಯ್ತು ಮಾರಾಯ್ತಿ, ಸೋತು ಬಂದು ಮುಖ ಊದಿಸ್ಕೊಂಡು ಕೂರೋದಕ್ಕಿಂತ ಅದೇ ವಾಸಿ."

ಇನ್ನು ಬೇಕಾದದ್ದು ಬೋಜಪ್ಪನವರ ಒಪ್ಪಿಗೆ. ಅದು ಸಿಗುವವರೆಗೆ ನಾನು ಮೈಕ್ ಬಿಡುವುದಿಲ್ಲ. ಅಕ್ಕಿರೊಟ್ಟಿ ತಣ್ಣಗಾದರೆ ಯಾರನ್ನು ಕೇಳಬೇಕೆಂದು ಸಭಿಕರಿಗೆ ಗೊತ್ತು. ನೋಡಿ ಯಜಮಾನರೇ, ಎಲ್ಲರೂ ನಿಮ್ಮ ಕಡೆಗೇ ತಿರುಗಿದ್ದಾರೆ...

ಎದ್ದರು. ಬಾಗಿಲಿನ ಕಡೆಗಲ್ಲ, ವೇದಿಕೆಯ ಕಡೆಗೇ ಬರುತ್ತಿದ್ದಾರೆ. ಅಧ್ಯಕ್ಷರೇ, ಬರುವ ವರ್ಷಕ್ಕೆ ಅದೇ ಎರಡು ಹೆಸರು ಬರೆದುಕೊಳ್ಳಿ. ಕೇಳಿದ ನಿಮಗೂ ಕಾದ ಅಡುಗೆಯವರಿಗೂ ವಂದನೆ. ಇಬ್ಬರ ಪರವಾಗಿ, ನಮಸ್ಕಾರ.