ಕೋಣೆ ಸಾರಿಸಿದ ದಿನ ಕಾಣೆಯಾದ ಇಷ್ಟಲಿಂಗದ ಬಾಬತ್ತು

ನಾನು ಸುಂದರಬಾಯಿ ಗಂಡ ಹಾವಗೆಪ್ಪ, ವಯಸ್ಸು ಸುಮಾರು 45, ಭಾಲ್ಕಿಯ ಮುದುಕರ ಆಶ್ರಯ ಮನೆಯಲ್ಲಿ ಮೇಲ್ವಿಚಾರಣೆ ಕೆಲಸ, ವಾಸ ಅಲ್ಲಿಯೇ. ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮಲ್ಲಿ ಪ್ರತಿ ಗುರುವಾರ ಮುದುಕರನ್ನು ಅಂಗಳದಲ್ಲಿ ಕೂರಿಸಿ, ಕೌದಿಗಳನ್ನು ಬಿಸಿಲಿಗೆ ಹಾಕಿ, ಕೋಣೆಗಳ ಜೇಡರ ಬಲೆ ತೆಗೆದು, ನೆಲ ಸಾರಿಸಿ, ಬೇವಿನ ಹೊಗೆ ಹಾಕುತ್ತೇವೆ. ಈ ಕೆಲಸ ಬಿಸ್ಮಿಲ್ಲಾಬೀಯದು. ಆಕೆ ಕಾಲಿಟ್ಟ ಕೋಣೆಯಲ್ಲಿ ತಿಗಣೆಗೆ ಉಳಿಗಾಲವಿಲ್ಲ.

ನಿನ್ನೆ ಆಕೆ ಮನ್ಮಥಪ್ಪನವರ ಕೋಣೆ ಸಾರಿಸಿ ಮುಗಿಸುತ್ತಿರುವಾಗಲೇ ಹಲಬರ್ಗಾದಿಂದ ಬಂಡಿ ಬಂತು, ಆಕೆಯ ಮಗಳಿಗೆ ಹೆರಿಗೆ ನೋವು ಎಂದರು. ಆಕೆ ಕೈ ತೊಳೆದು ಹಾಗೆಯೇ ಬಂಡಿ ಹತ್ತಿದಳು.

ಮಧ್ಯಾಹ್ನ ಪೂಜೆಗೆ ಕೂತಾಗ ಮನ್ಮಥಪ್ಪನವರ ಕೊರಳಲ್ಲಿ ಲಿಂಗವಿರಲಿಲ್ಲ. ಶಿವದಾರ ಹರಿದು, ಲಿಂಗವಿಡುವ ಬೆಳ್ಳಿಯ ಕರಡಿಗೆ ಸಮೇತ ಹೋಗಿತ್ತು. ಲಿಂಗಪೂಜೆಯಿಲ್ಲದೆ ಅವರು ತುತ್ತು ಮುಟ್ಟುವವರಲ್ಲ, ನೀರೂ ಬೇಡವೆಂದರು. ಎಪ್ಪತ್ತೆಂಟರ ಜೀವ. ಹಾಸಿಗೆ, ಕೌದಿ, ಮೂಲೆ ಎಲ್ಲ ಹುಡುಕಿದೆವು. ತಿಪ್ಪೆಯನ್ನು ನಾನೇ ಕೈಯಿಂದ ಕೆದರಿದೆ.

ಆಶ್ರಯ ಮನೆ ನಡೆಸುವ ಶಿವರಾಜಪ್ಪನವರು, "ಆಕೀನೇ ಒಯ್ದಾಳ, ಮತ್ಯಾರು ಒಯ್ತಾರ?" ಎಂದು ದೂರು ಬರೆಸಿದರು. ರಜಾಕಾರರ ಗಲಾಟೆಯ ಕಾವು ಊರಲ್ಲಿ ಇನ್ನೂ ಆರಿಲ್ಲ.

ಇಂದು ಮುಂಜಾನೆ ಸಿಪಾಯಿಗಳು ಬಿಸ್ಮಿಲ್ಲಾಬೀಯನ್ನು ಬಾಣಂತಿಯ ಮಗ್ಗುಲಿಂದ ಎಬ್ಬಿಸಿ ತಂದರು. ಜಮಾದಾರ್ ಸಾಹೇಬರು ಕೋಣೆಯಲ್ಲೇ ನಿಲ್ಲಿಸಿ ಕೇಳಿದರು. ಆಕೆ ಬೆರಳೆತ್ತಿ ತೊಲೆ ತೋರಿಸಿದಳು.

"ಅಪ್ಪಾರ ದೇವ್ರು ಹಾಸಿಗ್ಯಾಗ ಬಿದ್ದಿತ್ರಿ. ನೆಲಾ ಹಸಿ ಇತ್ತು, ಅಲ್ಲಿ ಹ್ಯಾಂಗ ಇಡಲ್ರಿ ಸಾಹೇಬ್ರ? ನಮ್ಮ ಮನ್ಯಾಗ ಕುರಾನ್ ಶರೀಫ್ ಎಲ್ಲಾದಕ್ಕಿಂತ ಎತ್ತರದಾಗ ಇಡ್ತೇವ್ರಿ. ಬಂಡಿ ಗಡಿಬಿಡ್ಯಾಗ ಹೇಳೋದ ಮರ್ತೆ" ಎಂದಳು.

ನಾವೆಲ್ಲ ನೆಲ ಕೆದರಿದ್ದೆವು, ಒಬ್ಬರೂ ತಲೆ ಎತ್ತಿರಲಿಲ್ಲ. ನಾನು ನಿಚ್ಚಣಿಕೆ ಹತ್ತಿದೆ. ತೊಲೆಯ ಮೇಲೆ ಆಕೆಯ ಒಗೆದ ಬಿಳಿ ಓಢಣಿಯಲ್ಲಿ ಸುತ್ತಿದ ಕರಡಿಗೆ, ಒಳಗೆ ಲಿಂಗ ಇದ್ದವು. ನನಗೆ ಅಳುವೂ ನಗೆಯೂ ಒಟ್ಟಿಗೇ ಬಂದವು. ಮನ್ಮಥಪ್ಪನವರು ಪೂಜೆ ಮಾಡಿ ಎರಡು ಬಟ್ಟಲು ಗಂಜಿ ಕುಡಿದರು. ಶಿವರಾಜಪ್ಪನವರು ಶಲ್ಯದಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಹೋದರು.

ದೂರು ವಾಪಸು ಪಡೆದಿದ್ದೇವೆ. ಬಿಸ್ಮಿಲ್ಲಾಬೀಗೆ ಮೊಮ್ಮಗಳು ಹುಟ್ಟಿದ್ದಾಳೆ, ಆಕೆಯನ್ನು ಈಗಲೇ ಬಂಡಿಯಲ್ಲಿ ಕಳಿಸಿಕೊಡಬೇಕು.

ಓಢಣಿಯನ್ನು ಮುದ್ದೆಮಾಲು ಎಂದು ಹಾಜರುಪಡಿಸಲು ಸಾಹೇಬರು ಕೇಳಿದ್ದಾರೆ. ಅದು ಆಗುವುದಿಲ್ಲ. ಮನ್ಮಥಪ್ಪನವರು ಅದರ ಅಂಚು ಹರಿದು ಹೊಸೆದು, ಅದನ್ನೇ ಶಿವದಾರ ಮಾಡಿ ಲಿಂಗವನ್ನು ಕೊರಳಿಗೆ ಕಟ್ಟಿಕೊಂಡಿದ್ದಾರೆ. ಕೇಳಿದರೆ, "ನಾ ಇರೋತನಕ ಇದನ್ನ ಬಿಚ್ಚಂಗಿಲ್ಲ" ಎನ್ನುತ್ತಾರೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಭಾಲ್ಕಿ, ತಾ. 17-2-1950
ಸುಂದರಬಾಯಿ, ಎಡಗೈ ಹೆಬ್ಬೆಟ್ಟಿನ ಗುರುತು