ನಂಬರಿಗೆ ಅಡ್ಡ ನಿಂತವರು

ಟೌನ್ಸ್‌ವಿಲ್ ವಾಯುನೆಲೆಯ ಬೇಲಿಯ ಬಳಿ ಕಾಫಿ ವ್ಯಾನಿನ ಸಾಲು. ನನ್ನ ಮುಂದೆ ಒಬ್ಬ ಮುದುಕಿ, ಅವಳ ಮುಂದೆ ಏಣಿ, ಕ್ಯಾಮೆರಾ ಹೊತ್ತ ಡಗ್; ಬೇಲಿಯಾಚೆಯ ವಿಮಾನಗಳ ಫೋಟೊ ತೆಗೆದು ಅವುಗಳ ನಂಬರು ಕೂಡಿಡುವ ಹವ್ಯಾಸಿ. ಮುದುಕಿ ಅವನನ್ನು ಕೇಳಿದಳು:

“ಹಳೇ ಕ್ಯಾರಿಬೂ ವಿಮಾನದ ಫೋಟೊ ನೆಟ್ಟಲ್ಲಿ ಹಾಕಿದ್ದು ನೀನೇನಪ್ಪ?”

“ಹೂಂ. ಕೆಟ್ಟೋದ ಫೋಟೊ ಅದು. ಬಾಲದ ನಂಬರಿಗೇ ಅಡ್ಡ ಒಬ್ಬ ಮೆಕ್ಯಾನಿಕ್ ನಿಂತ್ಬಿಟ್ಟಿದ್ದ. ನಂಬರಿಲ್ದೆ ನಮಗೇನು ಬಂತು?”

“ಅವರು ನಮ್ಮನೆಯವರು, ರೆಗ್. ತೀರ್ಕೊಂಡು ಮೂರು ವರ್ಷ. ಅವರು ಕೆಲಸದಲ್ಲಿದ್ದ ಫೋಟೊ ನಮ್ಮನೇಲಿ ಒಂದೂ ಇರ್ಲಿಲ್ಲ.”

ಡಗ್ ಟೋಪಿ ತೆಗೆದ.

“ತಪ್ಪಾಯ್ತಮ್ಮ. ಆವತ್ತು ಬೇಲಿಯಿಂದ್ಲೇ ಕೆಟ್ಟದಾಗಿ ಬೈದಿದ್ದೆ, ಆಚೆ ಸರಿಯೋ ಅಂತ.”

“ಫೋಟೊ ನೋಡಿದ್ರೇ ಗೊತ್ತಾಗತ್ತೆ ಬಿಡು. ನೀನು ಬೈದಿದ್ದಕ್ಕೇ ಅವರು ಈ ಕಡೆ ತಿರುಗಿ ನಕ್ಕಿರೋದು.”

ಕಾಫಿ ಬಂತು. ಮುದುಕಿ ತನ್ನದೂ ಅವನದೂ ಎರಡೂ ಕಪ್ ಹಿಡಿದಳು. ಡಗ್ ಏಣಿ ಎತ್ತಿಕೊಂಡ. ಇಬ್ಬರೂ ಬೇಲಿಯ ಕಡೆ ನಡೆದರು.